ಸೇವೆ ಮಾಡುವವರ ಸೇವೆ

ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಸೊಸೆಯನ್ನು ಕಂಡು ‘ಪುಣ್ಯವಂತೆ’ ಎನ್ನುತ್ತೇವೆ. ಎಂದು ನಮ್ಮ ದಾರಿ ಹಿಡಿಯುತ್ತೇವೆ. ಈ ಹೊಗಳಿಕೆ ಆಕೆಗೆ ಸಲ್ಲುವ ಗೌರವವೋ, ಕರ್ತವ್ಯದಿಂದ ನಾವು ಪಡೆದುಕೊಳ್ಳುವ ಬಿಡುಗಡೆಯೋ?

ಮಕ್ಕಳು ಹೆತ್ತವರನ್ನು ಪೋಷಿಸಬೇಕೆಂದು 2007ರ ಕಾಯಿದೆ ವಿಧಿಸಿತು. ಅದು ಯುಕ್ತವೇ. ಆದರೆ ಪೋಷಿಸುವವರ ಬೆನ್ನು ಬಾಗಿದಾಗ ಆಸರೆ ಯಾರದು? ಹೆಚ್ಚಿನ ನೆರವು ಬೇಕಾದ ಅಂಗವಿಕಲರಿಗೆ ಆರೈಕೆಯ ಭತ್ಯೆ ಇರಬೇಕೆಂದು 2016ರ ಕಾಯಿದೆ ಹೇಳಿದೆ. ಕೇರಳವು ‘ಆಶ್ವಾಸಕಿರಣಂ’ ಯೋಜನೆಯಲ್ಲಿ ಮನೆಯ ಆರೈಕೆದಾರರಿಗೇ ತಿಂಗಳಿಗೆ 600 ರೂಪಾಯಿಯಂತೆ ಕೊಟ್ಟಿತು. ಮೊತ್ತ ಅಲ್ಪ, ಆದರೂ ಋಣವನ್ನು ಒಪ್ಪಿಕೊಂಡಂತಾಯಿತು.

ಸೇವೆಗೆ ಬೆಲೆ ಕಟ್ಟಬಾರದೆಂಬ ಆಕ್ಷೇಪವುಂಟು. ಬೆಲೆ ಕಟ್ಟುವುದು ಬೇರೆ, ಹೊರೆ ಹಂಚಿಕೊಳ್ಳುವುದು ಬೇರೆ.

ಕಾಗಲದಂತಹ ಗಡಿಯೂರಿನಲ್ಲಿ ಕನ್ನಡದ ಮನೆಗಳಿಗೆ ಇನ್ನೊಂದು ತೊಡಕು. ಮನೆಮಾತು ಕನ್ನಡ, ಕಚೇರಿಯ ಅರ್ಜಿ ಮರಾಠಿ. ದೂಧಗಂಗೆಯಾಚೆಯ ನಿಪ್ಪಾಣಿಯಲ್ಲಿ ಔಷಧ ತಂದರೂ, ಸಂಜಯ ಗಾಂಧಿ ನಿರಾಧಾರ ಯೋಜನೆಯ ಅರ್ಜಿ ಈಚೆಯ ತಹಶೀಲ ಕಚೇರಿಗೇ ಸಲ್ಲಬೇಕು. ರೋಗಿಯನ್ನು ಒಂಟಿಯಾಗಿ ಬಿಟ್ಟು ಆಕೆ ಹೋಗುವುದೆಂತು?

ಇಲ್ಲಿ ನಮ್ಮ ಪಾಲಿನ ಕೆಲಸವಿದೆ. ಎರಡೂ ಭಾಷೆ ಬಲ್ಲ ಶಿಕ್ಷಕರು ಅರ್ಜಿಯನ್ನು ಓದಿ ತುಂಬಿಕೊಡೋಣ. ಅಜ್ಜಿಯ ಶುಶ್ರೂಷೆಗಾಗಿ ಶಾಲೆ ತಪ್ಪಿಸುವ ಹುಡುಗಿಯನ್ನು ಗದರಿಸುವ ಮುನ್ನ ಕಾರಣ ಕೇಳೋಣ. ದೊಡ್ಡ ವಿದ್ಯಾರ್ಥಿಗಳು ವಾರಕ್ಕೊಂದು ದಿನ ನೆರೆಮನೆಯ ರೋಗಿಯ ಬಳಿ ಒಂದು ಗಂಟೆ ಕುಳಿತುಕೊಳ್ಳಲಿ. ಆ ಒಂದು ಗಂಟೆ ಆ ಸೊಸೆ ಕಣ್ಣುಮುಚ್ಚಿ ಮಲಗಲಿ. ನಮ್ಮ ನೂರು ಹೊಗಳಿಕೆಗಳಿಗಿಂತ ಆ ನಿದ್ರೆ ಹಿರಿದು.