ವಿವಾಹಕ್ಕೆ ಯೋಗ್ಯವಾದ ಸ್ಥಳ

ಮಗಳ ವಿವಾಹವು ನಿಶ್ಚಯವಾದೊಡನೆ ಗೃಹಸ್ಥನಿಗೆ ಒದಗುವ ಮೊದಲ ಚಿಂತೆ ಸ್ಥಳದ್ದು. ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯಂತಹ ಊರಿನಲ್ಲಿ ರಾಗಿ ಬೆಳೆದು, ರೇಷ್ಮೆಹುಳು ಸಾಕಿ ಬಾಳುವವನೂ ಮನೆಯಂಗಳದ ಚಪ್ಪರವನ್ನು ಬಿಟ್ಟು ಪಟ್ಟಣದ ಕಲ್ಯಾಣಮಂಟಪವನ್ನು ಅರಸುವುದು ಈಗ ಅಪರೂಪವಲ್ಲ. ಮಳೆಗೆ ಆಸರೆ, ಕುಡಿಯಲು ನೀರು, ವೃದ್ಧರಿಗೆ ಆಸನ ಇವುಗಳ ಸಲುವಾಗಿ ಅರಸಿದರೆ ತಪ್ಪಿಲ್ಲ. ನೆರೆಯವರಿಗಿಂತ ಹಿರಿದಾಗಿ ಕಾಣಬೇಕೆಂದು ಸಾಲ ಮಾಡಿ ಅರಸಿದರೆ?

ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವನಿಗೆ ದೇವನು ದೂರದಲ್ಲಿಲ್ಲ; ಶರಣನು ನಿಂತ ನೆಲವೇ ಪುಣ್ಯಭೂಮಿ. ಆದುದರಿಂದ ಸ್ಥಳದ ವೈಭವದಿಂದ ವಿವಾಹಕ್ಕೆ ಪಾವಿತ್ರ್ಯ ಬರುವುದೆಂಬ ಮಾತು ನಿಲ್ಲದು. ವೀರಶೈವ ಲಿಂಗಾಯತರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಯು ಸಹ ಸಂಪ್ರದಾಯದ ವಿಧಿಯನ್ನು ಕೇಳುವುದೇ ಹೊರತು ಇಂಥದೇ ಸ್ಥಳವನ್ನು ಕೇಳುವುದಿಲ್ಲ.

ಅತಿಥಿಸತ್ಕಾರವು ದಾಸೋಹವಲ್ಲವೆ ಎನ್ನಬಹುದು. ಅಹುದು, ಆದರೆ ದಾಸೋಹವೆಂದರೆ ಕಾಯಕದಿಂದ ಬಂದುದನ್ನು ಅರ್ಪಿಸುವುದು. ಸಾಲದ ಹಣವು ಇನ್ನೂ ಮಾಡದಿರುವ ಕಾಯಕದ ಫಲ. ಅದನ್ನು ಒಂದು ದಿನದ ಆಡಂಬರಕ್ಕೆ ಸುರಿದರೆ ಮುಂದೆ ಹಸಿಯುವವರು ಮನೆಯ ಮಕ್ಕಳೇ. ಬೀಗರ ಹಟಕ್ಕಾಗಿ ಮಾಡಿದರಂತೂ ಅದು ಸತ್ಕಾರವಲ್ಲ, ದಂಡ.

ಸದ್ಭಕ್ತರು ಸ್ಥಳವನ್ನು ಆರಿಸುವಾಗ ಎರಡನ್ನೇ ಕೇಳಿಕೊಳ್ಳಲಿ: ಬಂದವರೆಲ್ಲರೂ ಭೇದವಿಲ್ಲದೆ ಸುಖವಾಗಿ ಉಣ್ಣುವರೆ? ಮರುದಿನ ನಾವು ಋಣವಿಲ್ಲದೆ ಏಳುವೆವೆ? ಎರಡಕ್ಕೂ ಅಹುದೆನ್ನಬಹುದಾದ ಸ್ಥಳವು ಅಂಗಳವಾಗಲಿ, ಮಠವಾಗಲಿ, ಮಂಟಪವಾಗಲಿ, ಅದೇ ಕಲ್ಯಾಣ.