ಸ್ತುತಿಯೂ ಋಣವೂ

ನಾಡನ್ನು ಹೊಗಳಿ ಹಾಡಿದವನು ನಾಡಿನ ಋಣವನ್ನು ತೀರಿಸಿದಂತಾಯಿತೇ, ಅಥವಾ ಹಾಡಿದ ಮಾತ್ರದಿಂದಲೇ ಹೊಸದೊಂದು ಋಣಕ್ಕೆ ಒಳಗಾದನೇ? ಕೆ. ಎಸ್. ನಿಸಾರ್ ಅಹಮದರ ‘ನಿತ್ಯೋತ್ಸವ’ ಗೀತೆಯನ್ನು ಕೇಳುವಾಗಲೆಲ್ಲ ಈ ಸಂದೇಹವು ನನ್ನನ್ನು ಬಾಧಿಸುವುದು.

ಕವಿಗಳು 1936ರಲ್ಲಿ ದೇವನಹಳ್ಳಿಯಲ್ಲಿ ಜನಿಸಿ, 2020ರಲ್ಲಿ ಕಾಲವಾದರು. ವೃತ್ತಿಯಿಂದ ಭೂವಿಜ್ಞಾನದ ಅಧ್ಯಾಪಕರು. ಶಿವಮೊಗ್ಗೆಯಲ್ಲಿಯೂ ಪಾಠ ಹೇಳಿದವರು. ಗೀತೆಯಲ್ಲಿ ಹೆಸರು ಹಿಡಿದು ಕರೆದಿರುವುದು ಜೋಗ, ತುಂಗೆ, ಸಹ್ಯಾದ್ರಿ ಈ ಮೂರನ್ನೇ. ಪ್ರಾಚೀನರು ಪರ್ವತದಲ್ಲಿ ಶಿಖರವನ್ನೂ ಮೇಘವನ್ನೂ ಕಂಡರು. ಇವರು ಅದರೊಡಲಿನ ಲೋಹದ ಅದಿರನ್ನೂ ಕಂಡರು. ವೃತ್ತಿಯು ಕಣ್ಣಿಗಿತ್ತ ವರವಿದು. 1976ರ ಸಂಕಲನಕ್ಕೆ ಹೆಸರಿತ್ತ ಈ ಗೀತೆಯು ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ 1978ರ ಧ್ವನಿಸುರುಳಿಯ ಮೂಲಕ ಹಳ್ಳಿಹಳ್ಳಿಯನ್ನೂ ಮುಟ್ಟಿತು.

ನಮ್ಮ ಹಾಸನದ ಹೆಸರು ಅದರಲ್ಲಿಲ್ಲ. ಆದರೆ ಮುಂದೆ ಶಾಸನಗಳ ಮತ್ತು ದೇಗುಲದ ಗೋಡೆಗಳ ಪ್ರಸ್ತಾಪ ಬರುವುದಷ್ಟೆ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರ ಗುಡಿ, ಕ್ರಿ. ಶ. 450ರ ಸುಮಾರಿನದೆಂದು ವಿದ್ವಾಂಸರು ಎಣಿಸುವ ಹಲ್ಮಿಡಿಯ ಶಾಸನ, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬಂಡೆಬರೆಹಗಳು ಇವೆಲ್ಲ ನಮ್ಮವೇ. ಬಿ. ಎಲ್. ರೈಸರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವಿಡೀ ನಮ್ಮ ಜಿಲ್ಲೆಯದು.

ಅರಕಲಗೂಡು ತಾಲ್ಲೂಕಿನ ಗ್ರಾಮವೊಂದರಲ್ಲಿ ನಾನು ಉಪಾಧ್ಯಾಯನಾಗಿದ್ದಾಗ, ರಾಜ್ಯೋತ್ಸವದ ದಿನ ಮಕ್ಕಳಿಗೆ ಇದನ್ನೆಲ್ಲ ಹೆಮ್ಮೆಯಿಂದ ವಿವರಿಸಿದೆನು. ಒಬ್ಬ ಹುಡುಗನು ಎದ್ದು, “ಹಂಗಾದ್ರೆ ನಮ್ಮ ಕೆರೆ ತಾವಿರೋ ಬಟ್ಟೆ ಒಗೆಯೋ ಕಲ್ಲೂ ಹಾಡಲ್ಲಿ ಐತಾ ಮೇಷ್ಟ್ರೇ? ಅದರಲ್ಲೂ ಅಕ್ಷರ ಅವೆ” ಎಂದನು. ನಾನು ನಿರುತ್ತರನಾದೆನು. ಮೂರು ವರ್ಷ ಅದೇ ಕಲ್ಲಿನ ಮೇಲೆ ನನ್ನ ಪಂಚೆಯನ್ನೂ ಒಗೆದಿದ್ದೆನು.

ಕವಿತೆಯು ರಸಾನುಭವಕ್ಕಲ್ಲದೆ ಕರ್ತವ್ಯಬೋಧೆಗಲ್ಲ, ಹಾಡುವವನಿಗೆ ಅದರಿಂದ ಯಾವ ಹೊಣೆಯೂ ಹುಟ್ಟದು ಎಂದು ಕೆಲವರು ಆಕ್ಷೇಪಿಸಬಹುದು. ಮೀಮಾಂಸಕರ ಮಾತು ಇಲ್ಲಿ ನೆರವಾಗುವುದು. ವೇದವು ವಾಯುವನ್ನು ಶೀಘ್ರಗಾಮಿಯೆಂದು ಹೊಗಳುವುದು ಬರಿಯ ವರ್ಣನೆಗಾಗಿಯಲ್ಲ. ಆ ದೇವತೆಯ ಕರ್ಮದಲ್ಲಿ ಮನುಷ್ಯನನ್ನು ತೊಡಗಿಸುವುದಕ್ಕಾಗಿ. ಇದಕ್ಕೆ ಅರ್ಥವಾದವೆಂದು ಹೆಸರು. ವಿಧಿಯೊಡನೆ ಕೂಡಿದಾಗಲೇ ಸ್ತುತಿಗೆ ಸಾರ್ಥಕ್ಯ. ನಾಡಿನ ಸ್ತುತಿಗೂ ಈ ನ್ಯಾಯವು ಸಲ್ಲುವುದೆಂದು ನನ್ನ ಮತ. ಹೊಗಳಿದುದನ್ನು ಕಾಪಾಡು ಎಂಬುದೇ ಅದರೊಳಗೆ ಅಡಗಿರುವ ವಿಧಿ.

‘ನಿತ್ಯ’ವೆಂಬ ಶಬ್ದವನ್ನೇ ವಿಚಾರಿಸೋಣ. ಎಂದೆಂದಿಗೂ ಇರುವುದು ಎಂಬುದು ಒಂದರ್ಥ. ಆದರೆ ಜೋಗದ ಧಾರೆಯೂ ಹಾಗಿಲ್ಲ; 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಆದಂದಿನಿಂದ ನೀರು ವಿದ್ಯುತ್ತಿಗಾಗಿ ತಡೆದು ನಿಂತು, ಬೇಸಗೆಯಲ್ಲಿ ಬಂಡೆಯೇ ಹೆಚ್ಚಾಗಿ ಕಾಣುವುದು. ಆ ದೀಪದ ಕೆಳಗೆ ಓದುವ ನಾವು ದೂರುವುದೆಂತು? ಪ್ರತಿದಿನವೂ ತಪ್ಪದೆ ಮಾಡತಕ್ಕದ್ದು ಎಂಬುದು ಇನ್ನೊಂದರ್ಥ. ಸಂಧ್ಯಾವಂದನೆಯು ನಿತ್ಯಕರ್ಮ, ಬಿಟ್ಟರೆ ದೋಷವುಂಟು. ಗುಡಿಯ ನಿತ್ಯೋತ್ಸವವೂ ಹಾಗೆಯೇ. ಹೆಗಲು ಕೊಡುವವರಿಲ್ಲದಿದ್ದರೆ ಆ ದಿನ ಉತ್ಸವವಿಲ್ಲ.

ಮುಂದಿನ ಭಾನುವಾರ ಊರ ಹಿರಿಯರನ್ನು ಒಪ್ಪಿಸಿ, ಹುಡುಗರೂ ನಾನೂ ಕೂಡಿ ಆ ಕಲ್ಲನ್ನು ತೊಳೆದು ಶಾಲೆಯ ಗೋಡೆಗೆ ಆನಿಸಿ ನಿಲ್ಲಿಸಿದೆವು. ಮೇಲಿನ ನಾಲ್ಕು ಪಂಕ್ತಿಗಳನ್ನು ಅಕ್ಷರ ಬಲ್ಲವರು ಓದಬಹುದಾಗಿತ್ತು. ಕೆಳಗಿನವು ಸವೆದು ಹೋಗಿದ್ದವು. ಅವುಗಳಲ್ಲಿ ಎಷ್ಟು ನನ್ನ ಪಂಚೆಯ ಪಾಲೋ ಹೇಳಲಾರೆನು.