ಕೊಲ್ಲದವನ ಪಾಲು

ಉತ್ತರಾಖಂಡದ ಪಿಥೋರಗಢ, ಚಮೋಲಿ ಜಿಲ್ಲೆಗಳ ಎತ್ತರದ ಹುಲ್ಲುಗಾವಲುಗಳಲ್ಲಿ ಹಿಮ ಕರಗುವ ಮೇ-ಜೂನ್ ತಿಂಗಳುಗಳಲ್ಲಿ ಗ್ರಾಮಸ್ಥರು ಮೊಣಕಾಲೂರಿ ನೆಲವನ್ನು ಶೋಧಿಸುತ್ತಾರೆ. ಅವರು ಅರಸುವುದು ‘ಕೀಡಾ ಜಡಿ’ಯನ್ನು. ಮಣ್ಣಿನೊಳಗಿನ ಪತಂಗದ ಮರಿಹುಳುವಿನ ದೇಹವನ್ನು ಶಿಲೀಂಧ್ರವೊಂದು ಹೊಕ್ಕು, ಅದನ್ನು ಕೊಂದು, ಅದರ ತಲೆಯಿಂದ ಕಡ್ಡಿಯಂತೆ ಮೇಲೇಳುತ್ತದೆ. ಟಿಬೆಟಿನ ಭಾಷೆಯಲ್ಲಿ ಇದರ ಹೆಸರಿಗೆ ‘ಬೇಸಿಗೆಯ ಹುಲ್ಲು, ಚಳಿಗಾಲದ ಹುಳು’ ಎಂದೇ ಅರ್ಥ. ಚೀನೀ ವೈದ್ಯದಲ್ಲಿ ಇದು ಬಲವರ್ಧಕವೆಂದು ಖ್ಯಾತಿ ಪಡೆದಿರುವುದರಿಂದ ಕಿಲೋ ಒಂದಕ್ಕೆ ಹಲವು ಲಕ್ಷ ರೂಪಾಯಿಗಳ ಬೆಲೆಯುಂಟು.

ಇಲ್ಲಿ ಒಂದು ಸೂಕ್ಷ್ಮ ಪ್ರಶ್ನೆ ಏಳುತ್ತದೆ. ಹುಳುವನ್ನು ಕೊಂದದ್ದು ಶಿಲೀಂಧ್ರ, ಮನುಷ್ಯನಲ್ಲ. ಸತ್ತುದನ್ನು ಎತ್ತಿಕೊಂಡವನಿಗೆ ಹಿಂಸೆಯ ದೋಷವೆಲ್ಲಿಯದು?

ಮೇಲ್ನೋಟಕ್ಕೆ ದೋಷವಿಲ್ಲ. ಆದರೆ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮೊದಲು ಇಡುತ್ತದೆ. ಬೀಜಕಣ ಚೆಲ್ಲುವ ಮೊದಲೇ ಎಲ್ಲವನ್ನೂ ಕಿತ್ತರೆ ಮುಂದಿನ ಸಂತತಿಗೆ ಅವಕಾಶವಿಲ್ಲ. ಅಗೆದ ನೆಲದ ಹುಲ್ಲಿನ ಬೇರು ಸಡಿಲಗೊಳ್ಳುತ್ತದೆ. ಬಿಡಾರಗಳ ಒಲೆಗೆ ಬೆಟ್ಟದ ಪೊದೆಗಳು ಆಹುತಿಯಾಗುತ್ತವೆ. 2020ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಶಿಲೀಂಧ್ರವನ್ನು ಅಪಾಯಕ್ಕೆ ಈಡಾಗಬಲ್ಲ ಜೀವಿಗಳ ಪಟ್ಟಿಗೆ ಸೇರಿಸಿತು. ಕೊಲ್ಲದ ಕೈಯೂ ಅಳಿವಿಗೆ ಕಾರಣವಾಗಬಹುದೆಂಬುದಕ್ಕೆ ಇದು ಸಾಕ್ಷಿ.

ಹಾಗೆಂದು ಆ ಬಡ ಗ್ರಾಮಸ್ಥನನ್ನು ದೂಷಿಸಿ ಕೈತೊಳೆದುಕೊಳ್ಳುವುದು ಸುಲಭ, ನ್ಯಾಯವಲ್ಲ. ಕೆಲವೇ ವಾರಗಳ ಈ ದುಡಿಮೆಯೇ ಎಷ್ಟೋ ಮನೆಗಳಿಗೆ ವರ್ಷದ ಆಧಾರ. ಅವನನ್ನು ಬೆಟ್ಟಕ್ಕೆ ಏರಿಸುವುದು ದೂರದ ಪೇಟೆಯ ಬೆಲೆ. ಕೃತ, ಕಾರಿತ, ಅನುಮತ ಎಂಬ ಮೂರು ವಿಧಗಳಲ್ಲಿ ದೋಷವನ್ನು ತೂಗುವ ಶಾಸ್ತ್ರವು ತಕ್ಕಡಿಯ ಮುಂದೆ ಕೊಳ್ಳುವವನನ್ನೂ ನಿಲ್ಲಿಸುತ್ತದೆ. ಈ ಸರಕು ಕಳ್ಳಮಾರ್ಗದಲ್ಲಿ ಗಡಿ ದಾಟುವುದೂ ಉಂಟು. ಕಳವಿನ ವಸ್ತುವನ್ನು ಸ್ವೀಕರಿಸುವುದು, ರಾಜ್ಯದ ನಿಯಮವನ್ನು ಮೀರುವುದು ಅಚೌರ್ಯ ವ್ರತದ ಅತಿಚಾರಗಳೆಂದು ಅದೇ ಗ್ರಂಥ ಎಣಿಸಿದೆ.

ಶ್ರಾವಕರ ಅಡಿಗೆಮನೆಯಲ್ಲಿ ಅಣಬೆ ಪರಂಪರೆಯಿಂದಲೇ ವರ್ಜ್ಯ. ಆದರೆ ತಟ್ಟೆಯಲ್ಲಿ ಬಿಟ್ಟದ್ದನ್ನು ಅಂಗಡಿಯಲ್ಲಿ ಮಾರಿದರೆ, ಔಷಧದ ಹೆಸರಿನಲ್ಲಿ ಕೊಂಡರೆ, ಆ ತ್ಯಾಗ ನಾಲಗೆಯದಷ್ಟೇ ಆಯಿತು. ಸಂಗ್ರಹಿಸುವವನು ಕೆಲವನ್ನು ಬೀಜಕ್ಕೆ ಬಿಟ್ಟು ಬರಲಿ. ವ್ಯಾಪಾರಿಯು ಮೂಲವನ್ನು ವಿಚಾರಿಸಿ ಕೊಳ್ಳಲಿ. ಬಳಸುವವನು ಅಗತ್ಯವನ್ನು ಆಸೆಯಿಂದ ಬೇರ್ಪಡಿಸಿ ನೋಡಲಿ. ಪರಿಗ್ರಹಕ್ಕೆ ಪರಿಮಾಣ ಕಟ್ಟಿಕೊಂಡಲ್ಲಿ ಮಾತ್ರ ಅಹಿಂಸೆ ಪೂರ್ಣವಾಗುತ್ತದೆ.